ವಿಮಾನಶಿಲ್ಪಿ ಡಾಕ್ಟರ್ ಘಾಟಗೆ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಂಡು ಬೆರಗಾಗುವವರು ಶಿಲ್ಪಿಯ ಹೆಸರನ್ನು ಕೇಳುವುದು ಅಪೂರ್ವ. ವಿಮಾನಶಿಲ್ಪಿಗಳ ಪಾಡೂ ಅದೇ. ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರನ್ನು (೧೯೦೮-೧೯೯೧) ಬಲ್ಲವರು ವಿರಳ.

ಇವರು ಜರ್ಮನಿಯ ಗಾಟಿಂಗೆನ್ನಿನಲ್ಲಿ, ವಾಯುಗತಿಶಾಸ್ತ್ರದ ಆಚಾರ್ಯರಾದ ಲುಡ್ವಿಗ್ ಪ್ರಾಂಟಲರಲ್ಲಿ ವ್ಯಾಸಂಗಮಾಡಿ ಮರಳಿದರು. ೧೯೪೦ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಲು, ಘಾಟಗೆಯವರು ಅದನ್ನು ಸೇರಿದರು. ಯುದ್ಧಕಾಲದಲ್ಲಿ ಅಲ್ಲಿ ಪರದೇಶದ ವಿಮಾನಗಳ ಜೋಡಣೆ, ದುರಸ್ತಿಗಳೇ ಮುಖ್ಯವಾಗಿದ್ದುವು. ಅನ್ಯರ ನಕ್ಷೆಯಂತೆ ಕಟ್ಟುವ ಕೈ ತಾನೇ ನಕ್ಷೆಯನ್ನು ಬರೆಯಬಲ್ಲುದೆ? ಈ ಸಂಶಯಕ್ಕೆ ೧೯೫೧ರ ಆಗಸ್ಟಿನಲ್ಲಿ ಉತ್ತರವು ದೊರೆಯಿತು. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಹೆಚ್.ಟಿ.-೨ ವಿಮಾನವು ಗಗನಕ್ಕೇರಿತು.

ಅದು ಯುದ್ಧವಿಮಾನವಲ್ಲ, ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕುಳಿತು ಹಾರಾಟವನ್ನು ಅಭ್ಯಸಿಸುವ ಸಾಧನವೆಂಬುದನ್ನು ವಾಚಕರು ಗಮನಿಸಬೇಕು. ವಾಯುಸೇನೆಯ ತರುಣರು ಹಲವು ವರ್ಷ ಅದರಲ್ಲಿ ಕಲಿತರು. ೧೯೬೪ರಲ್ಲಿ ಹಾರಿದ ‘ಕಿರಣ್’ ಜೆಟ್ಟೂ ಶಿಕ್ಷಣಾರ್ಥವಾದುದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರು ವಿಮಾನಶಾಸ್ತ್ರವನ್ನು ಬೋಧಿಸಿದರು ಕೂಡ.

ಹೆಚ್.ಟಿ.-೨ ವಾಯುಸೇನೆಯಿಂದ ಎಂದೋ ನಿವೃತ್ತವಾಯಿತು. ಆದರೆ ಸ್ವಂತ ನಕ್ಷೆಯನ್ನು ಬರೆಯುವ ಅಭ್ಯಾಸವು ಬೆಂಗಳೂರನ್ನು ಬಿಡಲಿಲ್ಲ. ೨೦೦೧ರ ಜನವರಿಯಲ್ಲಿ ‘ತೇಜಸ್’ ಯುದ್ಧವಿಮಾನವು ಮೊದಲು ಹಾರಿದುದು ಅಲ್ಲಿಂದಲೇ. ಯಂತ್ರವು ಸವೆದರೂ ಕಲಿಸಿದ ವಿದ್ಯೆಯು ಸವೆಯದು.