ತೂಬಿನ ಬಿರಡೆ

ಕೆರೆ ಕಟ್ಟಿಸಿದವರನ್ನು ಜನ ಹಾಡಿ ನೆನೆಯುತ್ತಾರೆ. ಆ ಕೆರೆಗೆ ತೂಬನ್ನಿಟ್ಟವರು ಯಾರೆಂದು ಕೇಳಿದರೆ ಹೇಳುವವರಿಲ್ಲ. ಆದರೆ ನೀರನ್ನು ತಡೆದು ನಿಲ್ಲಿಸುವುದಕ್ಕಿಂತ, ನಿಂತ ನೀರನ್ನು ಬೇಕಾದಾಗ ಬೇಕಾದಷ್ಟೇ ಬಿಡುವುದು ಕಷ್ಟತರವಾದ ವಿದ್ಯೆ.

ನಲ್ಲೂರು ಇರುವ ಚನ್ನಗಿರಿ ತಾಲ್ಲೂಕಿನಲ್ಲಿಯೇ ಸೂಳೆಕೆರೆ ಇದೆ. ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಐತಿಹ್ಯವು ಅದನ್ನು ಶಾಂತವ್ವೆಯ ಹೆಸರಿಗೆ ಸೇರಿಸುತ್ತದೆ. ಹರಿದ್ರಾ ನದಿಯನ್ನು ಗುಡ್ಡಗಳ ನಡುವೆ ತಡೆದ ಅದರ ಏರಿಯ ಉದ್ದ ಸುಮಾರು ೯೫೦ ಅಡಿ ಮಾತ್ರ. ಕಡಪ ಸೀಮೆಯ ಪೊರುಮಾಮಿಳ್ಳದ ೧೩೬೯ರ ಶಾಸನವು ಕೆರೆಯ ಹನ್ನೆರಡು ಅಂಗಗಳನ್ನು ಎಣಿಸುವಾಗ, ಏರಿ ಬಹಳ ಉದ್ದವಾಗಿರದೆ ಗಟ್ಟಿಯಾಗಿರಬೇಕೆನ್ನುತ್ತದೆ. ಸೂಳೆಕೆರೆಗೆ ಈ ಲಕ್ಷಣ ಅಳೆದಿಟ್ಟಂತೆ ಹೊಂದುತ್ತದೆ. ಇಲ್ಲಿಂದ ನೀರು ಸಿದ್ಧನಾಲೆ, ಬಸವನಾಲೆಗಳೆಂಬ ಎರಡು ಕಾಲುವೆಗಳಿಗೆ ಹರಿಯುತ್ತದೆ.

ಹಳಗನ್ನಡದಲ್ಲಿ ಇದು ‘ತೂಂಬು’. ತಮಿಳಿನಲ್ಲಿಯೂ ತೂಂಬು, ತೆಲುಗಿನಲ್ಲಿ ತೂಮು. ಪಟ್ಟಣದವರು ಕೋಡಿಯನ್ನೇ ತೂಬೆಂದು ತಿಳಿಯುವುದುಂಟು. ಕೆರೆ ತುಂಬಿದಾಗ ಕೋಡಿ ತಾನಾಗಿಯೇ ಹರಿಯುತ್ತದೆ. ತೂಬಿಗೆ ಮನುಷ್ಯನ ಕೈ ಬೇಕು.

ಹಳೆಯ ತೂಬನ್ನು ಗುರುತಿಸುವುದು ಸುಲಭ. ಏರಿಯ ಒಳಮಗ್ಗುಲಲ್ಲಿ, ನೀರಿನೊಳಗೆ, ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವಕ್ಕೆ ಅಡ್ಡವಾಗಿ ತೂತು ಕೊರೆದ ಕಲ್ಲುಗಳು. ಕೆಲವೆಡೆ ಅಡ್ಡಗಲ್ಲಿನ ಮೇಲೆ ಗಜಲಕ್ಷ್ಮಿಯೂ ಇರುತ್ತಾಳೆ. ಆ ತೂತುಗಳಲ್ಲಿ ಇಳಿಬಿಟ್ಟ ಮರದ ಗಳುವಿನ ತುದಿಗೆ ಬಿರಡೆ. ಬಿರಡೆಯ ಕೆಳಗೆ ಕಂಡಿ. ಕಂಡಿಯ ಕೆಳಗೆ ಏರಿಯನ್ನು ತೂರಿ ಹೋಗುವ ಕಲ್ಲಿನ ಕಾಲುವೆ. ಮೇಲಿನ ನೀರಿನ ಭಾರವೇ ಬಿರಡೆಯನ್ನು ಕಂಡಿಗೆ ಒತ್ತಿ ಹಿಡಿಯುತ್ತದೆ. ನೀರು ಆಳವಾದಷ್ಟೂ ಮುಚ್ಚಳ ಬಿಗಿ! ಬೀಗಕ್ಕೆ ಕಳ್ಳನೇ ಕಾವಲು ನಿಂತಂತಹ ಉಪಾಯವಿದು. ಕೆರೆಯ ನೀರು ಇಳಿದಂತೆ ಅದೇ ಕಂಡಿಯಿಂದ ಹೊರಡುವ ಧಾರೆಯೂ ಕುಗ್ಗುತ್ತದೆ. ಆದುದರಿಂದ ನೀರುಗಂಟಿಯು ಬಿರಡೆಯನ್ನು ಎಷ್ಟು ಎತ್ತಬೇಕೆಂಬುದನ್ನು ಕೆರೆಯ ಮಟ್ಟ ನೋಡಿಯೇ ತೀರ್ಮಾನಿಸಬೇಕಾಗಿತ್ತು. ಮೇಲಿನ ಗದ್ದೆಯವನು ಮನಬಂದಂತೆ ಬಿಟ್ಟುಕೊಂಡರೆ ಕೊನೆಯ ಗದ್ದೆಯವನ ಪೈರು ಒಣಗುತ್ತದೆ. ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಒಂದು ಕಾಲದ ರೇಡಿಯೋ ಪೆಟ್ಟಿಗೆಗಳಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವು ವಿದ್ಯುತ್ತಿನ ತೂಬೆಂದರೆ ತಪ್ಪಾಗದು. ಚಳಿಯ ದೇಶಗಳಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಿ ಇನ್ನೊಂದು ಬಗೆಯ ತೂಬಿದೆ. ಅಲ್ಲಿ ಬಿಸಿನೀರು ಕೊಳವೆಗಳಲ್ಲಿ ಹರಿದು, ರೇಡಿಯೇಟರೆಂಬ ಕಬ್ಬಿಣದ ಹಂಡೆಗಳನ್ನು ಕಾಯಿಸಿ ಕೋಣೆಗಳನ್ನು ಬೆಚ್ಚಗಿಡುತ್ತದೆ. ಹಳೆಯ ರೇಡಿಯೇಟರಿಗೆ ಸಾಮಾನ್ಯವಾಗಿ ಎರಡು ವಾಲ್ವುಗಳು. ಒಂದಕ್ಕೆ ತಿರುಗಿಸುವ ಚಕ್ರವಿರುತ್ತದೆ, ಅದು ಮನೆಯವರದು. ಇನ್ನೊಂದು ಟೋಪಿಯಡಿ ಅಡಗಿರುತ್ತದೆ, ಅದೇ ನೀರುಗಂಟಿ. ಒಲೆಗೆ ಹತ್ತಿರದ ಕೋಣೆಯಲ್ಲಿ ಅದನ್ನು ಬಹಳ ಮಟ್ಟಿಗೆ ಮುಚ್ಚಿ, ದೂರದ ಕೋಣೆಗೂ ಬಿಸಿ ಮುಟ್ಟುವಂತೆ ಮಾಡಿರುತ್ತಾರೆ. ತಿಳಿಯದವನು ಟೋಪಿ ತೆಗೆದು ಪೂರ್ತಿ ತಿರುಗಿಸಿದರೆ ಕೊನೆಯ ಕೋಣೆಯಲ್ಲಿ ಮಲಗುವ ಅಜ್ಜಿಗೆ ಚಳಿಯೇ ಗತಿ. ಮುಚ್ಚಲೇಬೇಕಾದಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಬರೆದಿಟ್ಟುಕೊಂಡು, ತೆರೆಯುವಾಗ ಅಷ್ಟೇ ಸುತ್ತು ತೆರೆಯಬೇಕು. ಕಡ್ಡಿಯ ಬುಡದಲ್ಲಿ ನೀರು ಜಿನುಗಿದರೆ ಒಳಗಿನ ಸುತ್ತುನಾರು ಒಣಗಿದೆಯೆಂದು ಅರ್ಥ. ನಟ್ಟನ್ನು ತುಸು ಬಿಗಿದರೆ ಎಷ್ಟೋ ವೇಳೆ ಸಾಕು. ಬಿಗಿದುಕೊಂಡ ಹಳೆಯ ವಾಲ್ವಿಗೆ ಬಲ ಹಾಕಿದರೆ ಮುರಿದು ಮನೆಯೆಲ್ಲ ನೀರಾದೀತು.

ನಮ್ಮ ತೂಬುಗಳಿಗೂ ಬಲಪ್ರಯೋಗದ ಕಾಲ ಬಂದಿದೆ. ತಿರುಪಿನ ಕಬ್ಬಿಣದ ಬಾಗಿಲು ಬಂದ ಮೇಲೆ ಗಳು, ಬಿರಡೆಗಳಿಗೆ ಕೆಲಸ ತಪ್ಪಿತು. ಅದು ತಪ್ಪಲ್ಲ, ಸೋರುವ ಮರದ ಬಿರಡೆಯನ್ನು ಪೂಜಿಸಿ ಫಲವಿಲ್ಲ. ಆದರೆ ಹೂಳೆತ್ತುವಾಗ ಯಂತ್ರಕ್ಕೆ ಅಡ್ಡವೆಂದು ಕಂಬಗಳನ್ನೂ ಕಿತ್ತೊಗೆದರೆ ಹೋಗುವುದು ಕಲ್ಲೊಂದೇ ಅಲ್ಲ. ರೈಸರು ೧೯೦೨ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ನಾಡಿನಲ್ಲಿ ತೂಬಿನ ಕಂಬದ ಮೇಲೆಯೇ ಬರೆಸಿದ ಶಾಸನಗಳುಂಟು. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿ ಯಾವುದು, ಯಾರ ಪಾಲು ಎಷ್ಟು ಎಂಬುದಕ್ಕೆ ಕೆಲವೆಡೆ ಅಂತಹ ಕಲ್ಲೇ ಸಾಕ್ಷಿ.

ಬೇಸಗೆಯಲ್ಲಿ ನೀರು ತಗ್ಗಿ ಕಂಬಗಳು ಬುಡದವರೆಗೆ ಕಾಣುವಾಗ ಹೋಗಿ ನೋಡಬಹುದು. ಪಾಚಿಯನ್ನು ಕಬ್ಬಿಣದಿಂದ ಕೆರೆಯಬಾರದು; ನೀರು, ತೆಂಗಿನ ನಾರು ಸಾಕು. ಅಕ್ಷರ ಕಂಡರೆ ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಬಹುದು. ಯಂತ್ರ ಕೆರೆಗಿಳಿಯುವುದು ಸಾಮಾನ್ಯವಾಗಿ ಅದೇ ಬೇಸಗೆಯಲ್ಲಿ.