ಬಾಲಂಗೋಚಿಯ ಪಾಠ: ಪುಟ್ಟ ವಿಮಾನಗಳ ದೊಡ್ಡ ಇತಿಹಾಸ



ನಮ್ಮ ಹತ್ತಿಮತ್ತೂರಿನಲ್ಲಿ ಗಾಳಿಪಟ ಹಾರಿಸದೆ ದೊಡ್ಡವರಾದವರು ಬಹಳ ಕಡಿಮೆ. ಪಟಕ್ಕೆ ಬಾಲಂಗೋಚಿ ಕಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅದು ಗಿರಗಿರನೆ ತಿರುಗಿ, ತಲೆಕೆಳಗಾಗಿ ನೆಲಕ್ಕೆ ಬೀಳುತ್ತದೆ. ಆಗ ಯಾರಾದರೂ ಹಿರಿಯ ಹುಡುಗ ಬಂದು ಹಳೇ ಬಟ್ಟೆಯ ಒಂದು ಚಿಂದಿ ಕಟ್ಟುತ್ತಾನೆ. ಪಟ ನೆಟ್ಟಗೆ ನಿಲ್ಲುತ್ತದೆ. ಆ ಚಿಂದಿಯಲ್ಲಿ ವಿಮಾನಶಾಸ್ತ್ರದ ಒಂದು ಮುಖ್ಯ ಪಾಠವಿದೆ. ಮನುಷ್ಯನಿಗೆ ಆ ಪಾಠ ಕಲಿಯಲು ಸಾವಿರ ವರ್ಷ ಬೇಕಾಯಿತು.

ವಿಮಾನವೆಂದರೆ ನಮ್ಮ ಮನೆಗಳಲ್ಲಿ ಎರಡು ಚಿತ್ರಗಳು ಕಣ್ಣ ಮುಂದೆ ಬರುತ್ತವೆ. ಒಂದು, ಹಜ್ ಯಾತ್ರೆಗೆ ಹೊರಟ ಹಿರಿಯರನ್ನು ಕಣ್ಣೀರಿನಿಂದ ಬೀಳ್ಕೊಡುವುದು. ಇನ್ನೊಂದು, ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋದ ಅಣ್ಣನೋ ಚಿಕ್ಕಪ್ಪನೋ ಮರಳಿ ಬರುವುದನ್ನು ಕಾಯುವುದು. ಎರಡರಲ್ಲೂ ನಾವು ವಿಮಾನ ಹತ್ತುವವರು. ಅದನ್ನು ಕಟ್ಟುವವರು ಬೇರೆ ಯಾರೋ ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಿದೆ. ಈ ಭಾವನೆ ಸರಿಯೇ? ಇತಿಹಾಸವನ್ನು ಒಮ್ಮೆ ತಿರುಗಿ ನೋಡೋಣ.

ಕಾರ್ಡೊಬಾದ ವಿದ್ವಾಂಸ

ಕ್ರಿ.ಶ. ಒಂಬತ್ತನೆಯ ಶತಮಾನ. ಮುಸ್ಲಿಮರ ಆಳ್ವಿಕೆಯಲ್ಲಿದ್ದ ಸ್ಪೇನಿನ ಕಾರ್ಡೊಬಾ ನಗರ ವಿದ್ಯೆಯ ತವರಾಗಿತ್ತು. ಅಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಕವಿ, ಖಗೋಳಜ್ಞ, ಗಾಜು ತಯಾರಿಕೆಯನ್ನು ಬಲ್ಲವರು. ಅವರು ಮೈಗೆ ಗರಿ ಹೊದ್ದು, ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿದರೆಂದೂ ಸ್ವಲ್ಪ ದೂರ ತೇಲಿದರೆಂದೂ ಇಳಿಯುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡರೆಂದೂ ಅಲ್-ಮಕ್ಕರಿ ಎಂಬ ಇತಿಹಾಸಕಾರರು ಬರೆದಿದ್ದಾರೆ. ಅಲ್-ಮಕ್ಕರಿ ಬರೆದದ್ದು ಹದಿನೇಳನೆಯ ಶತಮಾನದಲ್ಲಿ, ಅಂದರೆ ಘಟನೆ ನಡೆದು ಏಳು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆದ್ದರಿಂದ ಈ ವಿವರಗಳನ್ನು ಎಚ್ಚರಿಕೆಯಿಂದ ಓದಬೇಕು. ನಮ್ಮವರ ಸಾಧನೆ ಎಂಬ ಅಭಿಮಾನದಲ್ಲಿ ಇದ್ದುದಕ್ಕಿಂತ ಹೆಚ್ಚು ಹೇಳುವುದು ವಿದ್ಯಾವಂತರಿಗೆ ಒಪ್ಪುವುದಿಲ್ಲ.

ಆದರೆ ಆ ಬರವಣಿಗೆಯಲ್ಲಿ ಒಂದು ಅಮೂಲ್ಯ ಮಾತಿದೆ. ಹಕ್ಕಿ ಇಳಿಯುವಾಗ ಬಾಲದ ಬುಡದ ಆಸರೆ ಪಡೆಯುತ್ತದೆ, ಇಬ್ನ್ ಫಿರ್ನಾಸ್ ಬಾಲ ಮಾಡಿಕೊಳ್ಳುವುದನ್ನು ಮರೆತರು ಎಂಬುದೇ ಅದು. ಸೋಲಿನ ಕಾರಣವನ್ನು ಯಾರೋ ಯೋಚಿಸಿದ್ದಾರೆ, ಬರೆದಿಟ್ಟಿದ್ದಾರೆ. ವಿಜ್ಞಾನ ಹುಟ್ಟುವುದು ಅಲ್ಲಿಯೇ. ಇಬ್ನ್ ಫಿರ್ನಾಸ್ 887ರಲ್ಲಿ ತೀರಿಕೊಂಡರು. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ.

ಬೆಳ್ಳಿ ಬಿಲ್ಲೆಯ ಮೇಲಿನ ನಕ್ಷೆ

ಬಾಲದ ಗುಟ್ಟು ಸ್ಪಷ್ಟವಾಗಿ ಬಿಡಿಸಿಕೊಂಡದ್ದು ಬಹಳ ಕಾಲದ ನಂತರ, ಇಂಗ್ಲೆಂಡಿನಲ್ಲಿ. ಸರ್ ಜಾರ್ಜ್ ಕೇಲಿ ಎಂಬುವರು 1799ರಲ್ಲಿ ಒಂದು ಚಿಕ್ಕ ಬೆಳ್ಳಿ ಬಿಲ್ಲೆಯ ಒಂದು ಬದಿಗೆ ಹಾರುವ ಯಂತ್ರದ ಚಿತ್ರ ಕೆತ್ತಿದರು. ರೆಕ್ಕೆ ಬಡಿಯುವುದಿಲ್ಲ, ಸ್ಥಿರವಾಗಿರುತ್ತದೆ. ಹಿಂದೆ ಪ್ರತ್ಯೇಕ ಬಾಲವಿದೆ. ಬಿಲ್ಲೆಯ ಇನ್ನೊಂದು ಬದಿಗೆ, ರೆಕ್ಕೆಯನ್ನು ಗಾಳಿ ಮೇಲಕ್ಕೆ ಎತ್ತುವ ಬಲವನ್ನೂ ಹಿಂದಕ್ಕೆ ಎಳೆಯುವ ಬಲವನ್ನೂ ಗೆರೆಗಳಿಂದ ತೋರಿಸಿದರು. ಇಂದಿನ ವಿಮಾನದ ಮೊದಲ ನಕ್ಷೆ ಇದೇ ಎನ್ನಬಹುದು.

1804ರಲ್ಲಿ ಅವರು ಆ ವಿಚಾರವನ್ನು ಪರೀಕ್ಷಿಸಿದರು. ಹೇಗೆ ಗೊತ್ತೇ? ಒಂದು ಕೋಲು ತೆಗೆದುಕೊಂಡು ಅದರ ಮೇಲೆ ಕಾಗದದ ಗಾಳಿಪಟವನ್ನೇ ರೆಕ್ಕೆಯಾಗಿ ಕಟ್ಟಿದರು. ಹಿಂದೆ ಬೇಕಾದಂತೆ ತಿರುಗಿಸಬಹುದಾದ ಬಾಲ, ಮುಂದೆ ಒಂದು ಭಾರ. ಕೈಯಿಂದ ಬಿಟ್ಟಾಗ ಅದು ಗುಡ್ಡದಿಂದ ಕೆಳಗೆ ನೆಮ್ಮದಿಯಾಗಿ ತೇಲಿತು. ನಮ್ಮ ಹುಡುಗರ ಕೈಯಲ್ಲಿರುವ ಪಟ, ಕೋಲು, ಭಾರ ಇಷ್ಟೇ ಸಾಮಾನಿನಿಂದ ವಿಮಾನಶಾಸ್ತ್ರ ಆರಂಭವಾಯಿತು.

ಹನ್ನೊಂದು ಸೆಕೆಂಡು ಹಾರಿದ ಆಟಿಕೆ

ಮುಂದಿನ ಹೆಜ್ಜೆ ಇಟ್ಟವರು ಫ್ರಾನ್ಸಿನ ಅಲ್ಫೋನ್ಸ್ ಪೆನೊ. 1871ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿನ ಒಂದು ಉದ್ಯಾನದಲ್ಲಿ ಅವರು ತಮ್ಮ ಮಾದರಿಯನ್ನು ಜನರ ಮುಂದೆ ಹಾರಿಸಿದರು. ರೆಕ್ಕೆಯ ಅಗಲ 45 ಸೆಂಟಿಮೀಟರ್, ತೂಕ 16 ಗ್ರಾಂ. ತಿರುಚಿದ ರಬ್ಬರಿನ ಬಲದಿಂದ ಪಂಖ ತಿರುಗುತ್ತಿತ್ತು. ಬಾಲವನ್ನು ರೆಕ್ಕೆಗಿಂತ ತುಸು ಕಡಿಮೆ ಕೋನದಲ್ಲಿ ಕೂರಿಸಿದ್ದರು. ಮೂಗು ಏರಿದರೆ ಬಾಲ ಅದನ್ನು ಇಳಿಸುತ್ತಿತ್ತು, ಮೂಗು ಇಳಿದರೆ ಏರಿಸುತ್ತಿತ್ತು. ಯಾರ ಕೈಯೂ ಸೋಕದೆ ಆ ಪುಟ್ಟ ವಿಮಾನ 11 ಸೆಕೆಂಡು, ಸುಮಾರು 40 ಮೀಟರ್ ಹಾರಿತು. ಪೆನೊ ಕೇವಲ 30ನೆಯ ವಯಸ್ಸಿನಲ್ಲಿ, 1880ರಲ್ಲಿ ತೀರಿಕೊಂಡರು.

ಅವರು ರೂಪಿಸಿದ್ದ ಮತ್ತೊಂದು ರಬ್ಬರಿನ ಆಟಿಕೆ ಅಮೆರಿಕ ತಲುಪಿತು. 1878ರಲ್ಲಿ ಒಬ್ಬ ಪಾದ್ರಿ ತಮ್ಮ ಇಬ್ಬರು ಗಂಡುಮಕ್ಕಳಿಗೆ ಅಂಥದೊಂದನ್ನು ತಂದುಕೊಟ್ಟರು. ಮಕ್ಕಳು ಅದನ್ನು ಹಾರಿಸಿ ಹಾರಿಸಿ ಮುರಿದರು. ಮುರಿದ ಮೇಲೆ ಅಳುತ್ತಾ ಕೂರಲಿಲ್ಲ, ತಾವೇ ಹೊಸದನ್ನು ಮಾಡಿದರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ದೊಡ್ಡವರಾದ ಮೇಲೂ ಅವರು ಮಾದರಿಗಳನ್ನು ಬಿಡಲಿಲ್ಲ. 1901ರಲ್ಲಿ ಮರದ ಪೆಟ್ಟಿಗೆಯೊಂದರಲ್ಲಿ ಗಾಳಿ ಹಾಯಿಸಿ ಸುಮಾರು 200 ಬಗೆಯ ಚಿಕ್ಕ ರೆಕ್ಕೆಗಳನ್ನು ಪರೀಕ್ಷಿಸಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮನುಷ್ಯನನ್ನು ಹೊತ್ತು ಮೊದಲ ಬಾರಿ ಹಾರಿದ್ದು 12 ಸೆಕೆಂಡು, ದೂರ ಸುಮಾರು 36 ಮೀಟರ್. ಪೆನೊ ಅವರ ಆಟಿಕೆಯ ಲೆಕ್ಕದೊಂದಿಗೆ ಇದನ್ನು ಹೋಲಿಸಿ ನೋಡಿ. ಮಾದರಿಗಳನ್ನು ಆಟಿಕೆ ಎಂದು ತಳ್ಳಿಹಾಕುವಂತಿಲ್ಲ.

ರೇಡಿಯೊ ಬಂತು, ವಿದ್ಯುತ್ ಬಂತು

ಕೈಬಿಟ್ಟ ಮಾದರಿಯನ್ನು ನೆಲದಿಂದಲೇ ನಡೆಸುವುದು ಹೇಗೆ? ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೊ ಅಲೆಗಳಿಂದ ಒಂದು ಪುಟ್ಟ ದೋಣಿಯನ್ನು ನಡೆಸಿ ತೋರಿಸಿದ್ದರು. 1937ರಲ್ಲಿ ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ ರೇಡಿಯೊ ನಿಯಂತ್ರಣದ ಮಾದರಿ ವಿಮಾನವನ್ನು ಹಾರಿಸಿದರು. ಅದು ಪೆಟ್ರೋಲ್ ಎಂಜಿನ್ನಿನದು. ವಿದ್ಯುತ್ ಮೋಟಾರಿನ ಸರದಿ ಬಂದದ್ದು 1957ರ ಜೂನ್ 30ರಂದು. ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಅವರ 'ರೇಡಿಯೊ ಕ್ವೀನ್' ಎಂಬ ಮಾದರಿ ಬೆಳ್ಳಿ-ಸತುವಿನ ಬ್ಯಾಟರಿಯ ಬಲದಿಂದ ಹಾರಿತು.

ಆದರೆ ಬ್ಯಾಟರಿಯ ಭಾರವೇ ದೊಡ್ಡ ತೊಡಕಾಗಿತ್ತು. ಜರ್ಮನಿಯಲ್ಲಿ ಮಾದರಿ ವಿಮಾನಗಳನ್ನು ರೂಪಿಸುತ್ತಿದ್ದ ಫ್ರೆಡ್ ಮಿಲಿಟ್ಕಿ ಎಂಬ ಎಂಜಿನಿಯರ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಅವರ ಶ್ರಮದ ಫಲವಾಗಿ 1973ರ ಅಕ್ಟೋಬರ್ 21ರಂದು ಆಸ್ಟ್ರಿಯಾದಲ್ಲಿ ಮನುಷ್ಯನನ್ನು ಹೊತ್ತ ವಿದ್ಯುತ್ ವಿಮಾನ ಕೆಲವು ನಿಮಿಷ ಹಾರಿತು. ಇಲ್ಲಿಯೂ ಮಾದರಿ ಮೊದಲು, ವಿಮಾನ ಆಮೇಲೆ. ಮುಂದೆ ಹಗುರವಾದ ಲಿಥಿಯಂ ಬ್ಯಾಟರಿಗಳು ಬಂದು ಈ ವಿದ್ಯೆಯನ್ನು ಸಾಮಾನ್ಯ ಶಾಲೆಯ ಅಂಗಳಕ್ಕೆ ತಂದವು.

ನಮ್ಮ ನಾಡಿನ ಕಥೆ

ಇದೆಲ್ಲ ದೂರದ ದೇಶಗಳ ಮಾತಾಯಿತು ಎನ್ನಬೇಡಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಅಲ್ಲಿ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. 1960ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ದೆಹಲಿಯಿಂದ ಬೆಂಗಳೂರಿಗೆ ಬಂತು. 1967ರಲ್ಲಿ ಅಲ್ಲಿ ದೊಡ್ಡ ಗಾಳಿ ಸುರಂಗ ಸಿದ್ಧವಾಯಿತು. ರೈಟ್ ಸಹೋದರರ ಮರದ ಪೆಟ್ಟಿಗೆಯ ದೊಡ್ಡಣ್ಣ ಅದು. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೇರಿದ ಹಗುರ ಯುದ್ಧವಿಮಾನವೂ (ಮುಂದೆ 'ತೇಜಸ್' ಎಂದು ಹೆಸರಾದದ್ದು) ಮೊದಲು ಪುಟ್ಟ ಮಾದರಿಯ ರೂಪದಲ್ಲಿ ಗಾಳಿಗೆ ಎದುರಾಗಿ ನಿಂತಿತ್ತು.

ನಮ್ಮೆಲ್ಲರ ಪ್ರೀತಿಯ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರೂ ತಮ್ಮ ವೃತ್ತಿಯ ಆರಂಭದ ದಿನಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ರಾಮೇಶ್ವರದ ದೋಣಿ ಮಾಲೀಕರ ಮಗ ರಕ್ಷಣಾ ಇಲಾಖೆಯ ಒಂದು ಸಂಸ್ಥೆಯಲ್ಲಿ ನೆಲಕ್ಕೆ ತಾಗದಂತೆ ಗಾಳಿಯ ಮೆತ್ತೆಯ ಮೇಲೆ ತೇಲುವ 'ನಂದಿ' ಎಂಬ ವಾಹನವನ್ನು ಸಣ್ಣ ತಂಡದೊಂದಿಗೆ ಕಟ್ಟಿದರು. ತಂಡದಲ್ಲಿ ಯಾರಿಗೂ ಅಂಥ ಯಂತ್ರ ಕಟ್ಟಿದ ಅನುಭವವಿರಲಿಲ್ಲ. ಎದುರಿಗೆ ಸಿದ್ಧ ನಕ್ಷೆಯಿರಲಿಲ್ಲ, ಸಿದ್ಧ ಬಿಡಿಭಾಗಗಳೂ ಇರಲಿಲ್ಲ. ಆದರೂ ಅದು ನೆಲದಿಂದ ಸುಮಾರು 40 ಮಿಲಿಮೀಟರ್ ಮೇಲೆ ತೇಲಿತು. ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಅದರಲ್ಲಿ ಕುಳಿತು ಸಂಚರಿಸಿದರು. ಯೋಜನೆ ಮುಂದುವರಿಯಲಿಲ್ಲ ಎಂಬುದು ಬೇರೆ ಮಾತು. ಆ ಯಂತ್ರ ಕಟ್ಟಿದ ಕೈಗಳು ಮುಂದೆ ರಾಕೆಟ್ ಕಟ್ಟಿದವು.

ನಕ್ಷೆಯನ್ನು ಓದುವುದು

ಕಲಾಂ ಅವರಿಗೆ ಸಿಗದಿದ್ದ ನಕ್ಷೆ ಇಂದು ನಮಗೆ ಸಿಗುತ್ತದೆ. ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಒಂದನ್ನು ಬಲದಿಂದ ಎಡಕ್ಕೆ ಓದುತ್ತೇವೆ, ಇನ್ನೊಂದನ್ನು ಎಡದಿಂದ ಬಲಕ್ಕೆ. ನಕ್ಷೆಯೂ ಒಂದು ಲಿಪಿಯೇ. ಅದನ್ನು ಮೇಲಿನಿಂದ, ಬದಿಯಿಂದ, ಎದುರಿನಿಂದ ಹೀಗೆ ಮೂರು ಕಡೆಯಿಂದ ಓದಬೇಕು. ಮುದ್ರಿಸಿಕೊಂಡ ಕೂಡಲೇ ಅದರಲ್ಲಿರುವ ಅಳತೆಯ ಗೆರೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಹತ್ತು ಸೆಂಟಿಮೀಟರ್ ಎಂದಿರುವುದು ಒಂಬತ್ತೂವರೆ ಆಗಿದ್ದರೆ ಕತ್ತರಿಸುವ ಮೊದಲೇ ನಕ್ಷೆಯನ್ನು ಸರಿಯಾಗಿ ಮುದ್ರಿಸಿಕೊಳ್ಳಿ.

ರೆಕ್ಕೆ, ಬಾಲ, ಒಡಲು ಮೂರನ್ನೂ ಹಗುರವಾದ ಫೋಮ್ ಬೋರ್ಡಿನಲ್ಲಿ ಕತ್ತರಿಸಬಹುದು. ರೆಕ್ಕೆಗೆ ಉದ್ದಕ್ಕೂ ಒಂದು ತೆಳು ಬಿದಿರಿನ ಸೀಳು ಬಲ ಕೊಡುತ್ತದೆ. ಮೂಗಿನಲ್ಲಿ ಒಂದು ಚಿಕ್ಕ ವಿದ್ಯುತ್ ಮೋಟಾರು ಮತ್ತು ಪಂಖ, ಅದರ ವೇಗ ನಿಯಂತ್ರಿಸುವ ಒಂದು ಸಾಧನ, ಲಿಥಿಯಂ ಬ್ಯಾಟರಿ, ರೇಡಿಯೊ ಸಂಕೇತ ಹಿಡಿಯುವ ರಿಸೀವರ್. ಬಾಲದ ತಟ್ಟೆಗಳನ್ನು ತಿರುಗಿಸಲು ಎರಡು ಪುಟ್ಟ ಸರ್ವೊ ಮೋಟಾರುಗಳು. ಅಡ್ಡ ತಟ್ಟೆ ಮೂಗನ್ನು ಏರಿಸಿ ಇಳಿಸುತ್ತದೆ, ನಿಂತ ತಟ್ಟೆ ಎಡಬಲಕ್ಕೆ ತಿರುಗಿಸುತ್ತದೆ. ನೋಡಿ, ವಿಮಾನವನ್ನು ನಡೆಸುವುದು ಕೊನೆಗೂ ಬಾಲವೇ!

ಎಲ್ಲಕ್ಕಿಂತ ಮುಖ್ಯ ತೂಕದ ಸಮತೋಲನ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ಅದರ ಅಗಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಎರಡು ಬೆರಳು ಇಟ್ಟು ಎತ್ತಿದರೆ ವಿಮಾನ ಮಟ್ಟವಾಗಿ ನಿಲ್ಲಬೇಕು. ಮಕ್ಕಳೊಂದಿಗೆ ನಾವು ಕಟ್ಟಿದ ಮೊದಲ ಮಾದರಿಯಲ್ಲಿ ನಾನೇ ಬ್ಯಾಟರಿಯನ್ನು ತುಸು ಹಿಂದೆ ಕೂರಿಸಿದ್ದೆ. ಬಿಟ್ಟ ಕೂಡಲೇ ಅದು ಮೂಗು ಎತ್ತಿ, ಒಂದು ಕ್ಷಣ ನಿಂತು, ಹೊಲಕ್ಕೆ ಬಿತ್ತು. ಮಕ್ಕಳ ಮುಖ ಬಾಡಿತು. ಎಂಟನೆಯ ತರಗತಿಯ ಒಬ್ಬಳು ಹುಡುಗಿ ಮುರಿದ ವಿಮಾನವನ್ನು ಬೆರಳ ಮೇಲೆ ನಿಲ್ಲಿಸಿ ನೋಡಿ, "ಸರ್, ಹಿಂದ ಭಾಳ ವಜ್ಜಿ ಆಗೇತ್ರಿ" ಎಂದಳು. ಬ್ಯಾಟರಿ ಎರಡು ಸೆಂಟಿಮೀಟರ್ ಮುಂದೆ ಹೋಯಿತು. ಅಂಟು ಒಣಗಿದ ಮರುದಿನ ವಿಮಾನ ಹಾರಿತು. ಅಂದು ಗುರು ಯಾರು, ಶಿಷ್ಯೆ ಯಾರು ಎಂದು ನಾನು ಈಗಲೂ ಯೋಚಿಸುತ್ತೇನೆ.

ಕೆಲವು ಎಚ್ಚರಿಕೆಗಳು ಅಗತ್ಯ. ಮೋಟಾರನ್ನು ಮೇಜಿನ ಮೇಲೆ ಪರೀಕ್ಷಿಸುವಾಗ ಪಂಖ ತೆಗೆದಿಡಿ. ಲಿಥಿಯಂ ಬ್ಯಾಟರಿಯನ್ನು ಅದಕ್ಕೆಂದೇ ಇರುವ ಚಾರ್ಜರ್‌ನಿಂದ ಮಾತ್ರ, ಎದುರಿಗೆ ಕುಳಿತು ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಜನ, ದನ, ವಿದ್ಯುತ್ ತಂತಿ ಇಲ್ಲದ ಬಯಲಿನಲ್ಲಿ, ಹಿರಿಯರ ಸಮ್ಮುಖದಲ್ಲಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮಾತ್ರ ಹಾರಿಸಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ವರೆಗಿನವು 'ನ್ಯಾನೊ' ವರ್ಗಕ್ಕೆ ಸೇರುತ್ತವೆ. ಇವುಗಳನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೂ ಕೆಂಪು ವಲಯವೆಂದು ಗುರುತಿಸಿದ ಕಡೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಮೊದಲು ವಲಯದ ನಕ್ಷೆ ನೋಡಿ, ಆಮೇಲೆ ವಿಮಾನದ ನಕ್ಷೆ ಬಿಡಿಸಿ.

ಹತ್ತುವವರು ಮತ್ತು ಕಟ್ಟುವವರು

ಅಂಗಡಿಯಲ್ಲಿ ಸಿದ್ಧ ವಿಮಾನ ಸಿಗುವಾಗ ಈ ಕಷ್ಟವೇಕೆ ಎಂದು ಕೆಲವು ಪಾಲಕರು ಕೇಳುತ್ತಾರೆ. ಕೊಂಡ ವಿಮಾನ ಬಿದ್ದರೆ ಮಗು ಅಳುತ್ತದೆ. ಕಟ್ಟಿದ ವಿಮಾನ ಬಿದ್ದರೆ ಮಗು ಕಾರಣ ಹುಡುಕುತ್ತದೆ. ಈ ಒಂದು ವ್ಯತ್ಯಾಸಕ್ಕಾಗಿ ಕಷ್ಟಪಡಬೇಕು. ಪವಿತ್ರ ಕುರ್‌ಆನಿನ ಸೂರಃ ಮುಲ್ಕ್ ಕೂಡ ರೆಕ್ಕೆ ಬಿಚ್ಚಿ ಮಡಚುವ ಹಕ್ಕಿಗಳ ಕಡೆಗೆ ನಮ್ಮ ದೃಷ್ಟಿಯನ್ನು ಸೆಳೆಯುತ್ತದೆ. ನೋಡುವುದು, ಯೋಚಿಸುವುದು ನಮಗೆ ಹೊಸದಲ್ಲ. ನಾವು ಅದನ್ನು ಮರೆತಿದ್ದೇವೆ, ಅಷ್ಟೇ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗಿಂತ ಕಡಿಮೆ ಖರ್ಚಿನಲ್ಲಿ ಒಂದು ಶಾಲೆಗೆ ಒಂದು ರೇಡಿಯೊ ಪೆಟ್ಟಿಗೆ, ಒಂದು ಮೋಟಾರು, ಒಂದು ಬ್ಯಾಟರಿ ಕೊಡಿಸಬಹುದು. ರೆಕ್ಕೆ ಮುರಿದರೆ ಮಕ್ಕಳೇ ಕತ್ತರಿಸಿಕೊಳ್ಳುತ್ತಾರೆ. ಬಹುಮಾನಕ್ಕೆ ಸ್ಟೀಲಿನ ತಟ್ಟೆ, ಲೋಟ ಕೊಡುವ ಬದಲು ಒಂದು ವರ್ಷ ಇದನ್ನು ಕೊಟ್ಟು ನೋಡಿ. ಹೆಣ್ಣುಮಕ್ಕಳನ್ನೂ ಮರೆಯದೆ ಸೇರಿಸಿಕೊಳ್ಳಿ.

ವಿದ್ಯಾರ್ಥಿಗಳೇ, 2025ರಲ್ಲಿ ಕೇಂದ್ರ ಸರ್ಕಾರವು ಎನ್‌ಎಎಲ್ ಸಂಸ್ಥೆ 'ಇ-ಹಂಸ' ಎಂಬ ವಿದ್ಯುತ್ ತರಬೇತಿ ವಿಮಾನವನ್ನು ರೂಪಿಸಲಿದೆ ಎಂದು ಪ್ರಕಟಿಸಿತು. ಅಂಥ ವಿಮಾನಗಳಿಗೆ ಮುಂದೆಯೂ ಎಂಜಿನಿಯರರು ಬೇಕು, ಕುಶಲಕರ್ಮಿಗಳು ಬೇಕು. ಅವರಲ್ಲಿ ಹತ್ತಿಮತ್ತೂರಿನವರೊಬ್ಬರು ಏಕಿರಬಾರದು? ಮುಂದಿನ ಸಲ ಪಟಕ್ಕೆ ಬಾಲಂಗೋಚಿ ಕಟ್ಟುವಾಗ ಒಂದು ಗಳಿಗೆ ಕೈ ನಿಲ್ಲಿಸಿ, ಇದು ಏಕೆ ಬೇಕು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಉತ್ತರ ಹುಡುಕುತ್ತಾ ಹೊರಟರೆ ದಾರಿ ಆಕಾಶದವರೆಗೂ ಇದೆ.