ಶಾನುಭೋಗರ ಮಗಳ ಮನೆಯ ಪೆಟ್ಟಿಗೆ

ನೀರಗಂಟಿ ಮನೆತನದ ಹುಡುಗನೊಬ್ಬ ನಮ್ಮನ್ನು ಕೇಳಿದ್ದು ಇಷ್ಟೇ: "ಕೆರೆ ಹಿಂದಿನ ಗದ್ದೆ ನಮ್ದೇ ಅಂತ ತಾತ ಹೇಳ್ತಿದ್ರು. ಅದು ಎಲ್ಲಾದ್ರೂ ಬರ್ದೈತಾ?" ಪಹಣಿಯಲ್ಲಿ ಅವರ ಹೆಸರಿಲ್ಲ. ಕಚೇರಿಗೆ ಹೋದರೆ ಮೊದಲು ಸರ್ವೆ ನಂಬರ್ ಹೇಳಿ ಅನ್ನುತ್ತಾರೆ. ನಂಬರೇ ಗೊತ್ತಿಲ್ಲದವರು ಎಲ್ಲಿಂದ ಶುರು ಮಾಡಬೇಕು? ಹಳೆಯ ಶಾನುಭೋಗರ ಮನೆಯಿಂದ ಅಂದುಕೊಂಡೆವು. ಆ ಮನೆ ಇದ್ದ ಜಾಗದಲ್ಲಿ ಈಗ ಹಾಲಿನ ಡೇರಿ ಇದೆ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ನೆಲದ ಲೆಕ್ಕ ಶಾನುಭೋಗರ ವಂಶಪಾರಂಪರ್ಯದ ಕೆಲಸ. ಅಪ್ಪನಿಂದ ಮಗನಿಗೆ ಹುದ್ದೆ ಬಂದಂತೆ ಲೆಕ್ಕದ ಕಟ್ಟುಗಳೂ ಬರುತ್ತಿದ್ದವು. ಕಚೇರಿ ಅಂದರೆ ಮನೆಯ ಪಡಸಾಲೆಯೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಶಾನುಭೋಗಿಕೆ, ಪಟೇಲಿಕೆ ಜೊತೆಗೆ ತೋಟಿ, ತಳವಾರ, ನೀರಗಂಟಿ ಹುದ್ದೆಗಳೂ ಹೋದವು. ಆ ಹುದ್ದೆಗಳಿಗೆ ಬಿಟ್ಟಿದ್ದ ಇನಾಮು ಜಮೀನನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಹಿಂದಿನವರು ಅದನ್ನು ಮರುಮಂಜೂರು ಮಾಡಿಸಿಕೊಳ್ಳಬೇಕಿತ್ತು. ಓದು ಬಲ್ಲ ಶಾನುಭೋಗರ ಮನೆಗೆ ಇದು ಕಷ್ಟವಾಗಲಿಲ್ಲ. ತೂಬು ಎತ್ತಿ ಗದ್ದೆಗೆ ನೀರು ಹಾಯಿಸುತ್ತಿದ್ದ ನೀರಗಂಟಿಗೆ? ನಮ್ಮ ಹುಡುಗನ ತಾತನಿಗೆ ಹಾಗೊಂದು ಕಾನೂನು ಬಂದಿದೆ ಅಂತಲೇ ಯಾರೂ ಹೇಳಿರಲಿಲ್ಲವಂತೆ.

ಶಾನುಭೋಗರ ಬೆನ್ನು ಹತ್ತುವುದು ಹೊಸ ಉಪಾಯವೇನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿ ಅಳತೆಯ ಜೊತೆಗೇ ಊರೂರಿನ ಲೆಕ್ಕ, ಶಾಸನ, ಕಥೆಗಳನ್ನೂ ಕೂಡಿಸಿದ. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮುಂತಾದವರು ಅವನ ಪರವಾಗಿ ಊರು ಸುತ್ತಿದರು. ಹಾಗೆ ಕೂಡಿದ ಬರಹಗಳಲ್ಲಿ ಕೆಲವನ್ನೇ ನಾವು ಇವತ್ತು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳ ಪುಸ್ತಕದಲ್ಲಿ ಓದುವುದು. ಮೆಕೆಂಜಿಯ ಹಿಂದೆ ಕಂಪನಿ ಸರ್ಕಾರ ಇತ್ತು. ನಮ್ಮ ಹಿಂದೆ ಇದ್ದದ್ದು ಒಂದು ಬೈಕು.

ಮೊದಲ ಮನೆಯಲ್ಲಿ, ಶಾನುಭೋಗರ ಹಿರಿಮಗನ ಕಡೆಯವರು, ಎಲ್ಲವನ್ನೂ ಹಂಡೆ ಒಲೆಗೆ ಹಾಕಿದೆವು ಅಂದರು. ಎರಡನೆಯವರು ಬೆಂಗಳೂರಿನಲ್ಲಿದ್ದಾರೆ. ಕಾಗದ ಇದೆ, ಆದರೆ ತೋರಿಸುವುದಿಲ್ಲ. ಕೋರ್ಟಿಗೆ ಎಳೆದಾರು ಅನ್ನುವ ಭಯ. ನಾವು ಮಾಡಿದ ತಪ್ಪು ಗಂಡುಮಕ್ಕಳ ಸಾಲನ್ನೇ ಹಿಡಿದು ಹೋದದ್ದು. ಪಿತ್ರಾರ್ಜಿತ ಅಂದರೆ ಮಗನ ಮನೆ ಅಂತ ನಮ್ಮ ತಲೆಯಲ್ಲೂ ಕೂತಿದೆ ನೋಡಿ. ಮನೆ ಪಾಲಾಗುವಾಗ ಗಂಡುಮಕ್ಕಳು ಹಿತ್ತಾಳೆ ಪಾತ್ರೆ, ತೊಲೆ, ಬಾಗಿಲು ಹಂಚಿಕೊಂಡರು. ಯಾರಿಗೂ ಬೇಡವಾದ ಪೆಟ್ಟಿಗೆಯನ್ನು ಅಪ್ಪನ ಅಕ್ಷರ ಅಂತ ಎತ್ತಿಟ್ಟುಕೊಂಡವರು ಕಿರಿಮಗಳು. ಎಂಬತ್ತು ದಾಟಿದ ಅಜ್ಜಿ.

ಹುಡುಗ ಹೊರಗೆ ಜಗಲಿಯ ಮೇಲೇ ಕೂತಿದ್ದ. ಅಜ್ಜಿ ಬಾಗಿಲಿಗೆ ಬಂದು, "ಯಾರ ಮೊಮ್ಮಗನಪ್ಪಾ ನೀನು?" ಅಂದರು. ಅವನು ಬಾಯಿ ಬಿಡುವ ಮೊದಲೇ ಅವನ ತಾತನ ಹೆಸರನ್ನು ಅವರೇ ಹೇಳಿದರು.

ಪೆಟ್ಟಿಗೆಯಲ್ಲಿ ಮೇಲೆ ಗೆದ್ದಲು ತಿಂದ ಪುಸ್ತಕಗಳು, ತಳದಲ್ಲಿ ಒಂದು ಕಡತ. ಕಡತ ಅಂದರೆ ಇವತ್ತಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಹಿಂದುಮುಂದಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕ. ಶೃಂಗೇರಿ ಮಠದಲ್ಲಿ ಇಂಥವು ಬಹಳ ಇವೆ. ಬಳಪದ ಬರಹವನ್ನು ಒರೆಸಿ ತಿದ್ದಬಹುದು ಅನ್ನುವುದನ್ನೂ ಮರೆಯಬಾರದು. ಬರೆಯುವ ಕೈಗೆ ಬಿಡುವ ಅಧಿಕಾರವೂ ಇತ್ತು.

ಅಕ್ಷರ ಒಂದಕ್ಕೊಂದು ಕೂಡಿ ಓಡುತ್ತದೆ. ಅರ್ಧ ದಿನ ಕಣ್ಣು ಕೀಲಿಸಿದ ಮೇಲೆ ಒಂದು ಸಾಲು ಬಿಡಿಸಿಕೊಂಡಿತು: ನೀರಗಂಟಿ ಮಾನ್ಯ, ಕೆರೆ ಹಿಂದೆ, ಎರಡು ಕೊಳಗ. ಎಕರೆಯಲ್ಲ, ಗುಂಟೆಯಲ್ಲ. ಎರಡು ಕೊಳಗ ಬೀಜ ಬಿತ್ತುವಷ್ಟು ನೆಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗದ ಗದ್ದೆಗಿಂತ ಖಂಡುಗದ ಹೊಲ ಎಷ್ಟೋ ದೊಡ್ಡದು, ಏಕೆಂದರೆ ಹೊಲದಲ್ಲಿ ಬೀಜ ತೆಳ್ಳಗೆ ಬೀಳುತ್ತದೆ. ಹೀಗಾಗಿ ಇದನ್ನು ಕೂತಲ್ಲೇ ಎಕರೆಗೆ ತಿರುಗಿಸಲಾಗದು. 1863ರಲ್ಲಿ ಮೈಸೂರಿನಲ್ಲಿ ಸರ್ವೆ ಸೆಟ್ಲ್‌ಮೆಂಟ್ ಶುರುವಾದ ಮೇಲೆ ಬಂದದ್ದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಬೀಜದ ಲೆಕ್ಕಕ್ಕೂ ಸರಪಳಿಯ ಲೆಕ್ಕಕ್ಕೂ ನಡುವೆ ಸೇತುವೆ ಬೇಕಿತ್ತು.

ಅದು ಸಿಕ್ಕಿದ್ದು ಮೇಲಿದ್ದ ಪುಸ್ತಕವೊಂದರಲ್ಲಿ. ಅಜ್ಜಿಯ ತಂದೆ ಊರಿನ ಇನಾಮುಗಳ ಪಟ್ಟಿಯನ್ನು ತಮ್ಮ ಅನುಕೂಲಕ್ಕೆ ನಕಲು ಮಾಡಿಕೊಂಡಿದ್ದರು. ನೀರಗಂಟಿ ಹೆಸರಿನ ಮುಂದೆ ಸರ್ವೆ ನಂಬರು, ಗುಂಟೆ, ಚಕ್ಕುಬಂದಿ. ಪೂರ್ವಕ್ಕೆ ತೂಬಿನ ಕಾಲುವೆ, ಉತ್ತರಕ್ಕೆ ಕೆರೆ ಏರಿ. "ಇದೇ, ಇದೇ," ಅಂದ ಹುಡುಗ. ಆ ಕಾಲುವೆಯಲ್ಲಿ ಅವನು ಈಜು ಕಲಿತಿದ್ದ.

ಇದರಿಂದ ಗದ್ದೆ ಬಂದುಬಿಡುವುದಿಲ್ಲ. ಮನೆಯ ಪುಸ್ತಕ ಸರ್ಕಾರಿ ದಾಖಲೆಯಲ್ಲ. ಅಲ್ಲಿ ಈಗ ಬೇರೆಯವರು ನಾಟಿ ಮಾಡುತ್ತಿದ್ದಾರೆ, ಅವರ ಕೈಯಲ್ಲೂ ಕಾಗದ ಇದೆ. ಆದರೆ ಕೇಳಲು ಒಂದು ನಂಬರು ಸಿಕ್ಕಿತು. ಅದನ್ನು ಹಾಕಿ ಮೂಲ ಟಿಪ್ಪಣಿ, ಆಕಾರಬಂದ್ ಮತ್ತು ಇನಾಮು ವಹಿಯ ದೃಢೀಕೃತ ನಕಲಿಗೆ ಹುಡುಗನೇ ಅರ್ಜಿ ಬರೆದ. ಕಡತವನ್ನು ನಾವು ತರಲಿಲ್ಲ. ಪುಟಪುಟವೂ ಫೋಟೊ ತೆಗೆದುಕೊಂಡು, ಪೆಟ್ಟಿಗೆಗೆ ಒಣ ಬೇವಿನ ಸೊಪ್ಪು ಹಾಕಿ ಅಲ್ಲೇ ಬಿಟ್ಟು ಬಂದೆವು.

ನಕಲು ಇನ್ನೂ ಕೈಗೆ ಬಂದಿಲ್ಲ. ಅಜ್ಜಿ ಎರಡು ಸಲ ಫೋನ್ ಮಾಡಿ, "ಸಿಕ್ತೇನಪ್ಪಾ?" ಅಂತ ಕೇಳಿದ್ದಾರೆ.